ಅವ್ವನ ಇಳಕಲ್ ಸೀರೆ ಕಿಟಕಿಗೆ ಪರದೆ ಆಗುತ್ತಾ?

"ಅಕ್ಕಾರ, ಅವ್ವ ತೀರಿಕೊಂಡು ಎರಡು ವರ್ಷ ಆತು. ಆಕೀವು ಹನ್ನೊಂದು ಇಳಕಲ್ ಸೀರಿ ನನ್ನ ಕಪಾಟಿನ್ಯಾಗ ಅದಾವು. ನಾ ಉಡೂದಿಲ್ಲ, ಮಗಳಂತೂ ಮೊದಲೇ ಉಡೂದಿಲ್ಲ. ಡೊಂಬಿವಲಿ ಮನಿಗೆ ಹೊಸಾ ಬಣ್ಣ ಹಚ್ಚಸಾಕತ್ತೀವಿ. ಈ ಸೀರಿ ಕತ್ತರಿಸಿ ಪರದೆ, ಸೋಫಾ ಕವರ್ ಮಾಡಸಬಹುದೇನು? ಹಾಳಾಗಿಬಿಟ್ರ ಹೊಟ್ಟಿ ಉರೀತೈತಿ."

ಪರದೆ, ಕುಶನ್ ಹೊಲಿಸಿಕೊಡುವ ಕೆಲಸದಲ್ಲಿ ನಾನಿರುವುದರಿಂದ ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಮುಂಬಯಿಯ ಮಾಟುಂಗಾದಿಂದ ಬಂದರೆ ಕಾಂಜೀವರಂ ಇರುತ್ತದೆ, ಡೊಂಬಿವಲಿಯಿಂದ ಬಂದರೆ ಇಳಕಲ್. ಕೊನೆಯ ವಾಕ್ಯ ಮಾತ್ರ ಎಲ್ಲರದ್ದೂ ಒಂದೇ. ಹಾಳಾದರೆ ಏನು ಮಾಡೋದು?

ಮೊದಲು ನೇರ ಉತ್ತರ. ಪರದೆ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಕುಶನ್ ಕವರ್ ಕೂಡ ಆಗುತ್ತದೆ. ಸೋಫಾದ ಸೀಟಿಗೆ ಬೇಡವೇ ಬೇಡ. ಸೆರಗಿಗೆ ಕತ್ತರಿ ಹಾಕಿಸಬೇಡಿ. ಇನ್ನು ಕಪಾಟಿನಿಂದ ಸೀರೆ ತೆಗೆಯುವ ಮೊದಲು ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಅಂತ ನೋಡಿಕೊಳ್ಳಿ.

ದಿಕ್ಕು ಯಾಕೆ ಅಂತ ನನಗೆ ಕಲಿಸಿದ್ದು ನನ್ನ ಅತ್ತೆಯ ರೇಷ್ಮೆ ಸೀರೆ. ನಮ್ಮ ಹಾಲ್‌ನ ಕಿಟಕಿ ಪಡುವಣಕ್ಕಿದೆ. ಅರಿಶಿನ ಬಣ್ಣದ ಆ ಸೀರೆಯನ್ನು ಪರದೆ ಮಾಡಿಸಿದೆ. ಹೊಲಿದುಕೊಟ್ಟ ಅಂಗಡಿಯವರು "ಅಸ್ತರ್ ಬೇಡ, ಬೆಳಕು ಚೆನ್ನಾಗಿ ಬರುತ್ತೆ" ಅಂದರು. ನಾನೂ ಒಪ್ಪಿಬಿಟ್ಟೆ. ಸಂಜೆ ಐದಕ್ಕೆ ಇಡೀ ಹಾಲ್ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಎರಡನೇ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಪರದೆ ಸರಿಸಲು ಹಿಡಿದೆ. ನೆರಿಗೆಯ ಮೇಲ್ತುದಿಯಲ್ಲಿ, ಬಿಸಿಲು ಬೀಳುವ ಗೆರೆಯ ಉದ್ದಕ್ಕೂ ಬಟ್ಟೆ ಸದ್ದೇ ಇಲ್ಲದೆ ಬಿರಿಯಿತು. ಹರಿದಂತೆಯೂ ಅಲ್ಲ, ಒಣಗಿದ ಬಾಳೆಸಿಪ್ಪೆ ಬಿಟ್ಟುಕೊಂಡ ಹಾಗೆ. ನೆರಿಗೆಯ ಒಳಭಾಗ, ಬಿಸಿಲು ತಾಗದ ಜಾಗ, ಹೊಸದರಂತೆ ಇತ್ತು. ಆ ಸೀರೆ ಅತ್ತೆಯ ಮದುವೆಯದು. ನನಗೆ ಇವತ್ತಿಗೂ ನೋವಿದೆ.

ರೇಷ್ಮೆಯ ಸ್ವಭಾವವೇ ಹಾಗೆ. ಅದು ಹುಳು ನೂತ ಪ್ರೋಟೀನ್ ಎಳೆ. ಬಿಸಿಲಿನ ಅತಿನೇರಳೆ ಕಿರಣ ಆ ಪ್ರೋಟೀನಿನ ಕೊಂಡಿಗಳನ್ನು ಮುರಿಯುತ್ತಾ ಹೋಗುತ್ತದೆ. ಬಣ್ಣ ಹಳದಿಯಾಗುತ್ತದೆ, ಎಳೆ ಪುಡಿಯಾಗುತ್ತದೆ. ಹತ್ತಿ ಇದಕ್ಕಿಂತ ಜಾಸ್ತಿ ತಡೆದುಕೊಳ್ಳುತ್ತದೆ. ಬಣ್ಣ ಮಾಸಬಹುದು, ಆದರೆ ಇಷ್ಟು ಬೇಗ ಬಿರಿಯುವುದಿಲ್ಲ.

ಇಳಕಲ್ ಸೀರೆಯ ಗುಟ್ಟು ಇಲ್ಲೇ ಇರುವುದು. ನಾವು ಒಂದು ಸೀರೆ ಅನ್ನುತ್ತೇವೆ. ನೋಡಿದರೆ ಅದರಲ್ಲಿ ಮೂರು ಬಟ್ಟೆ ಇವೆ. ಒಡಲು, ದಡಿ, ಸೆರಗು. ಹಳೆಯ ಮಾದರಿಯಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ, ದಡಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ನೇಕಾರರು ಒಡಲಿಗೆ ಒಂದು ಹಾಸು (ಮಗ್ಗದ ಉದ್ದಕ್ಕೆ ಕಟ್ಟುವ ಎಳೆಗಳು), ಸೆರಗಿಗೆ ಇನ್ನೊಂದು ಹಾಸು ಬೇರೆಬೇರೆಯಾಗಿ ಮಾಡಿಕೊಳ್ಳುತ್ತಾರೆ. ಆಮೇಲೆ ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಇದಕ್ಕೇ ತೋಪು ತೆನೆ ಅನ್ನುವುದು. ಹೀಗೆ ಮಾಡಬೇಕೆಂದರೆ ಪ್ರತಿ ಸೀರೆಗೂ ಹೊಸದಾಗಿ ಹಾಸು ಕಟ್ಟಬೇಕು. ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹತ್ತಿ ಮುಗಿದು ರೇಷ್ಮೆ ಶುರುವಾಗುವ ಕಡೆ ಸಾಸಿವೆಗಿಂತ ಸಣ್ಣ ಕೊಂಡಿಗಳ ಸಾಲು ಅಡ್ಡಕ್ಕೆ ಕಾಣುತ್ತದೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ. ಆ ಸಾಲಿನ ಹತ್ತಿರ ಕತ್ತರಿ ಹೋಗಬಾರದು. ಅಲ್ಲಿ ಕತ್ತರಿಸಿದರೆ ಕೂಡಿಕೊಂಡ ಎಳೆ ಬಿಟ್ಟುಕೊಳ್ಳುತ್ತದೆ. ಮತ್ತೆ ಯಾವ ಟೈಲರ್ ಕೈಯಲ್ಲೂ ಅದನ್ನು ಕೂಡಿಸಲು ಆಗುವುದಿಲ್ಲ.

ಹಾಗಾಗಿ ಮೂರು ಬಟ್ಟೆಗೆ ಮೂರು ಜಾಗ. ಹತ್ತಿಯ ಒಡಲು ಕಿಟಕಿಗೆ. ರೇಷ್ಮೆಯ ಸೆರಗು ಬಿಸಿಲಿಲ್ಲದ ಗೋಡೆಗೆ. ದಡಿ ಯಾವಾಗಲೂ ಒಡಲಿನ ಜೊತೆಗೇ ಇರಲಿ.

ಕತ್ತರಿಸುವ ಮೊದಲು ಎರಡು ಕೆಲಸ. ಒಂದು, ಸೀರೆ ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಇಷ್ಟು ವರ್ಷ ಮಡಿಚಿಟ್ಟ ಗೆರೆಗಳಲ್ಲಿ ಸಣ್ಣ ಸೀಳು ಕಾಣುತ್ತಿದ್ದರೆ ಆ ಸೀರೆ ಪರದೆಯ ಭಾರ ತಾಳುವುದಿಲ್ಲ, ಪಕ್ಕಕ್ಕಿಡಿ. ಎರಡು, ಬಣ್ಣ ಬಿಡುತ್ತದೆಯೇ ನೋಡಿ. ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ಭಾಗದ ಮೇಲೆ ಸ್ವಲ್ಪ ಹೊತ್ತು ಒತ್ತಿ. ಬಿಳಿ ಬಟ್ಟೆ ಕೆಂಪಾದರೆ ಆ ಸೀರೆಯನ್ನು ಡ್ರೈಕ್ಲೀನ್‌ಗೆ ಕೊಡಿ. ಆಗದಿದ್ದರೆ ತಣ್ಣೀರಲ್ಲಿ ಅಂಟವಾಳಕಾಯಿಯ ನೊರೆ ಹಾಕಿ ಮೆಲ್ಲಗೆ ಒಗೆದು ನೆರಳಲ್ಲಿ ಒಣಗಿಸಿ. ಒಗೆಯದೆ ಹೊಲಿಸಿದರೆ ಮುಂದೆ ಮೊದಲ ಒಗೆತಕ್ಕೇ ಹತ್ತಿ ಕುಗ್ಗುತ್ತದೆ, ದಡಿ ಅಷ್ಟು ಕುಗ್ಗುವುದಿಲ್ಲ. ಪರದೆಯ ಅಂಚು ಸೊಟ್ಟಗೆ ಏಳುತ್ತದೆ. ಅಸ್ತರ್ ಬಟ್ಟೆಯನ್ನೂ ಒಗೆದೇ ಕೊಡಬೇಕು.

ಈಗ ಲೆಕ್ಕಕ್ಕೆ ಬರೋಣ. ಟೈಲರ್ ಹೇಳಿದ್ದಕ್ಕೆ ಸುಮ್ನೆ ತಲೆಯಾಡಿಸಬೇಡಿ, ಕಾಗದದ ಮೇಲೆ ನೀವೇ ಬರೆದುಕೊಳ್ಳಿ. ಹಾಲ್‌ನ ಕಂಬಿ 60 ಇಂಚು ಅಗಲ, ಪರದೆಯ ಎತ್ತರ 60 ಇಂಚು ಅಂತಿಟ್ಟುಕೊಳ್ಳಿ. ಆರು ಗಜದ ಸೀರೆ ಅಂದರೆ 216 ಇಂಚು. ಸೆರಗಿನ ಕಡೆ 39 ಇಂಚು, ಅಂದರೆ ಹತ್ತಿರ ಹತ್ತಿರ ಒಂದು ಮೀಟರ್, ಹಾಗೇ ಬಿಡಿ. ಉಳಿದದ್ದು 177. ಅಗಲ 45 ಅಂತಿರಲಿ.

ಎಲ್ಲರೂ ಮಾಡುವ ಕ್ರಮ ಸೀರೆಯನ್ನು ಉದ್ದಕ್ಕೆ ಇಳಿಬಿಡುವುದು. ಮೇಲೆ ಕೆಳಗೆ ಮಡಿಕೆಗೆ 10 ಇಂಚು ಸೇರಿಸಿದರೆ ಒಂದು ತುಂಡಿಗೆ 70 ಬೇಕು. 177ರಲ್ಲಿ ಎರಡು ತುಂಡು ಬರುತ್ತದೆ, ಎರಡರ ಅಗಲ ಸೇರಿ 90. ಅಂದರೆ 60ರ ಕಂಬಿಗೆ ಒಂದೂವರೆ ಪಟ್ಟು. ತೆಳು ಬಟ್ಟೆಗೆ ಎರಡು ಪಟ್ಟು ಇದ್ದರೇ ನೆರಿಗೆ ಚೆನ್ನಾಗಿ ಬೀಳುವುದು. ಹೀಗಾಗಿ ಇನ್ನೊಂದು ಸೀರೆಗೆ ಕತ್ತರಿ ಬೀಳುತ್ತದೆ. ಅವ್ವ ಉಟ್ಟಿದ್ದು ಒಂಬತ್ತು ಗಜದ್ದಾಗಿದ್ದರೆ ತೊಂದರೆ ಇಲ್ಲ, ಅದರಲ್ಲಿ ನಾಲ್ಕು ತುಂಡು ಸಿಗುತ್ತದೆ.

ನನಗೆ ಇಷ್ಟವಾದ ಕ್ರಮ ಬೇರೆ. ಸೀರೆಯನ್ನು ಅಡ್ಡಕ್ಕೆ ತಿರುಗಿಸಿ. ಉಟ್ಟಾಗ ಹೇಗಿರುತ್ತದೋ ಹಾಗೆ. ಕೆಳಗೊಂದು ದಡಿ, ಮೇಲೊಂದು ದಡಿ, ನಡುವೆ ಒಡಲು. 45 ಇಂಚಿನ ಅಗಲವೇ ಈಗ ಎತ್ತರ. ಕಡಿಮೆ ಬೀಳುವ ಎತ್ತರಕ್ಕೆ ಮೇಲ್ಗಡೆ ಸಾದಾ ಹತ್ತಿಯ ಪಟ್ಟಿ ಜೋಡಿಸಬೇಕು. ನಮ್ಮ ಲೆಕ್ಕಕ್ಕೆ 20 ಇಂಚಿನದು ಸಾಕು. ಐಲೆಟ್ ರಿಂಗಿನ ತೂತು ಬೀಳುವುದು ಆ ಪಟ್ಟಿಗೆ, ಸೀರೆಗೆ ಅಲ್ಲ. ಜೋಡಣೆಯ ಗೆರೆ ಮೇಲಿನ ದಡಿಯ ಹಿಂದೆ ಮರೆಯಾಗುತ್ತದೆ. ಕೆಳಗಿನ ದಡಿ ನೇಯ್ದ ಅಂಚೇ ಆದ್ದರಿಂದ ಅದನ್ನು ಮಡಿಸಿ ಹೊಲಿಯುವ ಕೆಲಸವಿಲ್ಲ. 177 ಇಂಚು ಪೂರ್ತಿ ನೆರಿಗೆಗೆ ಸಿಗುತ್ತದೆ. ಬಾಲ್ಕನಿಯ ಏಳಡಿ ಅಗಲದ ಬಾಗಿಲಿಗೂ ಎರಡು ಪಟ್ಟು ಬರುತ್ತದೆ. ಅಲ್ಲಿ ಎತ್ತರ ಜಾಸ್ತಿ, ಹಾಗಾಗಿ ಮೇಲಿನ ಪಟ್ಟಿ ಅಗಲ ಮಾಡಬೇಕು, ಅಷ್ಟೇ. ಕಪ್ಪು ಚೌಕುಳಿ ಒಡಲಿಗೆ ಕೆಂಪು ದಡಿ ನೆಲದ ಹತ್ತಿರ ಓಡುವುದನ್ನು ಒಮ್ಮೆ ನೋಡಿದರೆ ಉದ್ದಕ್ಕೆ ಇಳಿಬಿಡಲು ಮನಸ್ಸೇ ಬರುವುದಿಲ್ಲ.

ಅಸ್ತರ್ ಮಾತ್ರ ಎರಡೂ ಕ್ರಮದಲ್ಲಿ ಬೇಕು, ಹತ್ತಿಯೇ ಆಗಿದ್ದರೂ. ದಡಿಯಲ್ಲಿ ರೇಷ್ಮೆ ಇದೆ, ಒಡಲಿನ ಬಣ್ಣವೂ ಉಳಿಯಬೇಕು. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಲದಾಸ್ ಮಾರ್ಕೆಟ್‌ನಲ್ಲಿ ಒತ್ತಾಗಿ ನೇಯ್ದ ಬಿಳಿ ಹತ್ತಿ ಬಟ್ಟೆ ಬೇಕಾದಷ್ಟು ಸಿಗುತ್ತದೆ. ಬಟ್ಟೆಯ ಹಿಂದೆ ಕೈ ಇಟ್ಟು ನೋಡಿ. ಬೆರಳುಗಳು ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಬೇಡ. ಪಡುವಣದ ಕಿಟಕಿಯಾದರೆ ಬ್ಲ್ಯಾಕ್‌ಔಟ್ ಬಟ್ಟೆಯನ್ನೇ ಹಾಕಿಸಿ. ಅಸ್ತರ್ ಅನ್ನು ಸೀರೆಗೆ ಕೆಳಗಡೆ ಹೊಲಿಸಬೇಡಿ, ಬಿಡಿಯಾಗಿ ಇಳಿದಿರಲಿ. ಮಳೆಗಾಲದಲ್ಲಿ ನಡುವೆ ಗಾಳಿ ಆಡದಿದ್ದರೆ ಬೂಷ್ಟು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನ ಗಾಳಿಯೇ ಒದ್ದೆ, ನಿಮಗೆ ಗೊತ್ತೇ ಇದೆಯಲ್ಲ.

ಸೋಫಾ ಯಾಕೆ ಬೇಡ? ಸೋಫಾ ಬಟ್ಟೆಯನ್ನು ಮಾರ್ಟಿಂಡೇಲ್ ಅನ್ನುವ ಯಂತ್ರದಲ್ಲಿ ಉಜ್ಜಿ ನೋಡುತ್ತಾರೆ. ದಿನಾ ಕೂರುವ ಮನೆಯ ಸೋಫಾಕ್ಕೆ 20,000 ಸಲ ಉಜ್ಜಿದರೂ ತಾಳಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಸೀರೆ ನೇಯ್ದಿರುವುದು ಮೈಮೇಲೆ ಹಗುರಾಗಿ ಕೂರಲಿ ಅಂತ, ಅದರ ಮೇಲೆ ಜನ ಕೂರಲಿ ಅಂತ ಅಲ್ಲ. ಬೆನ್ನಿಗೆ ಇಡುವ ಕುಶನ್ ಸಾಕು. ಒಡಲಿನಲ್ಲಿ ಉಳಿದ ತುಂಡನ್ನು ಮುಂಭಾಗಕ್ಕೆ ಹಾಕಿ, ಒಳಗೆ ತೆಳು ಹತ್ತಿಯ ಕ್ಯಾಂಬ್ರಿಕ್ ಬಟ್ಟೆ ಕೊಟ್ಟು ಹೊಲಿಸಿ, ಹಿಂಭಾಗಕ್ಕೆ ದಪ್ಪ ಹತ್ತಿ ಬಟ್ಟೆ. ಜರಿ ಇರುವ ಭಾಗ ಬೇಡ. ಚುಚ್ಚುತ್ತದೆ, ಬೆವರಿಗೆ ಕಪ್ಪಾಗುತ್ತದೆ.

ಕುಶನ್‌ಗೆ ಸೀರೆಗಿಂತ ಒಳ್ಳೆಯ ಬಟ್ಟೆ ನಿಮ್ಮ ಕಪಾಟಿನಲ್ಲೇ ಇರಬಹುದು. ಅವ್ವನ ಗಂಟಿನಲ್ಲಿ ಗುಳೇದಗುಡ್ಡದ ಖಣ ಇದೆಯಾ ನೋಡಿ. ಹೊಲಿಸದೆ ಉಳಿದ ಕುಪ್ಪಸದ ತುಂಡುಗಳು. ತೇರು, ಆನೆ ಹೆಜ್ಜೆ, ತೊಟ್ಟಿಲು ಅಂತ ಚಿತ್ರಗಳಿಗೆ ಹೆಸರಿರುವ ಬಟ್ಟೆ. ಇಳಕಲ್ ಸೀರೆಯ ಹಾಗೆ ಇದಕ್ಕೂ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಖಣ ನೇಯುವುದು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ, ಮೊದಲಿನಿಂದಲೂ ಪ್ರೀತಿಯಿಂದ ತೊಟ್ಟವರಲ್ಲಿ ಮರಾಠಿ ಹೆಣ್ಣುಮಕ್ಕಳೂ ಇದ್ದಾರೆ. ಈಗ ದಾದರ್‌ನಲ್ಲಿ ಖಣದ ಸೀರೆ, ಪರ್ಸು, ಬಾಗಿಲ ತೋರಣ ಎಲ್ಲ ಬಂದಿವೆ. ಕುಪ್ಪಸದ ಬಟ್ಟೆಯೊಂದು ಮನೆಯ ಬಾಗಿಲವರೆಗೆ ಬಂದದ್ದು ನನಗೆ ನಿಜಕ್ಕೂ ಖುಷಿ ಕೊಡುವ ಸಂಗತಿ. ಅದರಲ್ಲಿ ಪವರ್‌ಲೂಮ್ ಬಟ್ಟೆ ಬಹಳ. ಕೈಮಗ್ಗದ್ದು ಬೇಕಾದರೆ ಕೇಳಿ, ಮುಟ್ಟಿ, ತಿಳಿದು ತಗೊಳ್ಳಿ. ಸಣ್ಣ ತುಂಡುಗಳಿದ್ದರೆ ಲ್ಯಾಂಪ್‌ಶೇಡ್ ಮಾಡಿಸಿ. ಒಳಗೆ ಎಲ್ಇಡಿ ಬಲ್ಬನ್ನೇ ಹಾಕಬೇಕು. ಹಳೆಯ ಬಲ್ಬಿನ ಬಿಸಿಗೆ ಬಟ್ಟೆ ಸುಟ್ಟು ಕಂದಾಗುತ್ತದೆ.

ಇನ್ನು ಸೆರಗು. ಮೂರು ಪಟ್ಟಿ ಕೆಂಪು, ನಡುವೆ ಎರಡು ಬಿಳಿ, ಅದರೊಳಗೆ ಹಣಿಗೆ, ಕೋಟೆ ಗೋಡೆ, ಜೋಳದ ತೆನೆ. ಇದನ್ನು ಗೋಡೆಗೆ ಹಾಕಿ ಅಂತ ನಾನು ಹೇಳಿದರೆ "ಬಟ್ಟೆ ಗೋಡೆಗಾ?" ಅನ್ನುವವರಿದ್ದಾರೆ. 2021ರ ಜುಲೈನಲ್ಲಿ ಪ್ಯಾರಿಸ್‌ನ ರೋಡಿನ್ ಮ್ಯೂಸಿಯಂನಲ್ಲಿ ಡಿಯೋರ್ ಕಂಪನಿಯ ಫ್ಯಾಶನ್ ಶೋ ನಡೆದಾಗ ಸುತ್ತಲಿನ ಗೋಡೆಗಳೇ ಕಸೂತಿಯಾಗಿದ್ದವು. ಚಿತ್ರ ಬರೆದದ್ದು ಫ್ರೆಂಚ್ ಕಲಾವಿದೆ ಇವಾ ಜೋಸ್ಪಾ. ಸೂಜಿ ಹಿಡಿದದ್ದು ನಮ್ಮ ಮುಂಬಯಿಯ ಚಾಣಕ್ಯ ಸಂಸ್ಥೆಯ ಕಸೂತಿಗಾರರು. 2023ರ ಮಾರ್ಚ್ 30ರಂದು ಅದೇ ಡಿಯೋರ್ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಶೋ ಮಾಡಿದಾಗ ಕಮಾನಿಗೆ ಕಟ್ಟಿದ್ದು ಕಸೂತಿಯ ತೋರಣ. ಮನೆ ಬಾಗಿಲಿಗೆ ನಾವು ಕಟ್ಟುತ್ತೇವಲ್ಲ, ಅದೇ ತೋರಣ.

ಸೆರಗನ್ನು ಗೋಡೆಗೆ ಹಾಕುವಾಗ ಗೋಂದು, ಫೆವಿಕಾಲ್, ಡಬಲ್ ಟೇಪ್ ಯಾವುದೂ ಬೇಡ. ಒಗೆದ ಹತ್ತಿ ಬಟ್ಟೆಯ ಮೇಲೆ ಹರಡಿ, ಸಣ್ಣ ಸೂಜಿಯಿಂದ ದೂರ ದೂರ ಕೈಹೊಲಿಗೆ ಹಾಕಿ. ಮೇಲ್ಗಡೆ ಆ ಹತ್ತಿ ಬಟ್ಟೆಗೇ ಕೊಳವೆಯಂಥ ಮಡಿಕೆ ಹೊಲಿದು ಕೋಲು ತೂರಿಸಿ. ಭಾರ ಎಲ್ಲ ಹತ್ತಿಯ ಮೇಲೆ ಬೀಳುತ್ತದೆ, ರೇಷ್ಮೆ ಸುಮ್ಮನೆ ಒರಗಿರುತ್ತದೆ. ಗಾಜಿನ ಕಟ್ಟು ಹಾಕಿಸಿದರೆ ಗಾಜು ಬಟ್ಟೆಗೆ ತಾಗಬಾರದು. ಹೊರಗೋಡೆಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ತೇವ ಇಳಿಯುವುದು ಅಲ್ಲೇ. ಹಾಲ್ ಮತ್ತು ಬೆಡ್‌ರೂಮ್ ನಡುವಿನ ಗೋಡೆ ಒಳ್ಳೆಯದು.

ಪಕ್ಕಕ್ಕಿಟ್ಟ ಸೀಳು ಬಿದ್ದ ಸೀರೆಗಳನ್ನು ಏನು ಮಾಡೋದು? ಕೌದಿ. ನಿಮ್ಮ ಊರಿನ ಹೆಣ್ಣುಮಕ್ಕಳು ಇದಕ್ಕೆ ಉತ್ತರ ಯಾವಾಗಲೋ ಕಂಡುಕೊಂಡಿದ್ದಾರೆ. ಮೆತ್ತಗಾದ ಹತ್ತಿಯಷ್ಟು ಹಿತ ಹೊಸ ಬಟ್ಟೆಯಲ್ಲಿ ಇಲ್ಲ. ಹಲವು ಪದರ ಸೇರಿಸಿ ಅಂಚಿನಿಂದ ಒಳಗೆ ಓಡುಹೊಲಿಗೆ ಹಾಕುತ್ತಾ ಬಂದರೆ ಸೀಳು ಬಿದ್ದ ಎಳೆಯನ್ನೂ ಪಕ್ಕದ ಪದರ ಹಿಡಿದುಕೊಳ್ಳುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಫುಲ ಅನ್ನುವ ಸಣ್ಣ ತ್ರಿಕೋನದ ಮಡಿಕೆ ಹಚ್ಚುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ನಿಮ್ಮ ಬಿಲ್ಡಿಂಗ್‌ನಲ್ಲಿ ಗೋಧಡಿ ಹೊಲಿಯುವ ಅಜ್ಜಿಯರು ಯಾರಾದರೂ ಇದ್ದರೆ ಹೋಗಿ ಕೇಳಿ, ಕೆಲಸ ಒಂದೇ. ನನ್ನ ಅತ್ತೆಯ ಸೀರೆಯಲ್ಲಿ ಬಿಸಿಲು ತಾಗದ ಭಾಗಗಳನ್ನು ಉಳಿಸಿ, ಹಳೇ ಪಂಚೆಯ ಮೇಲೆ ಹಚ್ಚಿ, ಮಗುವಿನ ಅಳತೆಯ ಒಂದು ಕೌದಿ ಮಾಡಿಸಿದ್ದೇನೆ. ಈಗ ಮೊಮ್ಮಗಳು ಹೊದ್ದುಕೊಳ್ಳುತ್ತಾಳೆ.

ಹನ್ನೊಂದರಲ್ಲಿ ಎರಡನ್ನು ಮುಟ್ಟಬೇಡಿ. ಯಾವೆರಡು ಅಂತ ನೀವೇ ಆರಿಸಿ. ಹಳೇ ಮೆತ್ತನೆಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಬೇರೆ ಗೆರೆಯಲ್ಲಿ ಮಡಿಚಿಡಿ. ಜರಿಗೆ ನುಸಿಗುಳಿಗೆ ತಾಗದಿರಲಿ.

ಉಳಿದವನ್ನು ಟೈಲರ್ ಹತ್ತಿರ ಒಯ್ದಾಗ ಇಷ್ಟು ಹೇಳಿ. ಸಣ್ಣ ಸೂಜಿ ಹಾಕಿ, ಹೊಲಿಗೆ ಉದ್ದ ಇಡಿ, ಮೇಲಿನ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಕೂಡಿಸಿ, ಓವರ್‌ಲಾಕ್ ಬೇಡ. ಮಗಳಿಗೆ ಮುಂದೆಂದೋ ಒಂದು ದಿನ ಈ ಬಟ್ಟೆಯಲ್ಲಿ ಬೇರೇನಾದರೂ ಮಾಡಬೇಕು ಅನ್ನಿಸಿದರೆ ಒಂದು ಮಧ್ಯಾಹ್ನ ಕೂತು ಹೊಲಿಗೆ ಬಿಚ್ಚಬಹುದು. ಎರಡೂ ದಡಿ ಸಮೇತ ಒಡಲು ಇಡಿಯಾಗಿ ಕೈಗೆ ಬರುತ್ತದೆ.