ಹೇರು ಹೋಯಿತು, ಹಾದಿ ಉಳಿಯಿತು

ಸ್ವಿಟ್ಜರ್‌ಲ್ಯಾಂಡಿನ ತೂಸಿಸ್‌ನಿಂದ ಇಟಲಿಯ ಕಿಯಾವೆನ್ನಾಗೆ ಸುಮಾರು 65 ಕಿಲೋಮೀಟರ್. ನಿಧಾನವಾಗಿ ನಡೆದರೆ ನಾಲ್ಕು ದಿನ. ನಡುವೆ 2,100 ಮೀಟರ್‌ಗೂ ಎತ್ತರದ ಸ್ಪ್ಲುಗೆನ್ ಘಾಟಿ ಹತ್ತಿ ಇಳಿಯಬೇಕು. ಈ ಕಾಲುಹಾದಿಗೆ ವಿಯಾ ಸ್ಪ್ಲುಗಾ ಎಂದು ಹೆಸರು. ಇಂದು ಇಲ್ಲಿ ಜನ ಖುಷಿಗಾಗಿ ನಡೆಯುತ್ತಾರೆ. ಆದರೆ ನೂರಾರು ವರ್ಷ ಈ ದಾರಿಯಲ್ಲಿ ಯಾರೂ ಸುಮ್ನೆ ನಡೆದವರಲ್ಲ.

ತೂಸಿಸ್ ದಾಟಿದ ಕೂಡಲೇ ಸಿಗುವ ಕಂದರದ ಹೆಸರೇ ವಿಯಾಮಾಲಾ. ಹಾಗೆಂದರೆ ಕೆಟ್ಟ ದಾರಿ! ಕೆಳಗೆ ರೈನ್ ನದಿಯ ಒಂದು ಕವಲು, ಎರಡೂ ಕಡೆ ಕಡಿದಾದ ಬಂಡೆ. 1473ರಲ್ಲಿ ತೂಸಿಸ್, ಕಾಟ್ಸಿಸ್, ಮಸೈನ್ ಊರಿನವರು ಸೇರಿ ಈ ದಾರಿಯನ್ನು ಸರಿ ಮಾಡುತ್ತೇವೆಂದು ಪತ್ರ ಬರೆದುಕೊಂಡರು. ಯಾವ ರಾಜನ ಅಪ್ಪಣೆಯೂ ಅಲ್ಲ, ಊರವರದೇ ಲೆಕ್ಕಾಚಾರ. ದಾರಿ ಇದ್ದರೆ ಸರಕು ಬರುತ್ತದೆ, ಸರಕು ಬಂದರೆ ಕೂಲಿ ಸಿಗುತ್ತದೆ.

ಆ ಕೂಲಿಗೂ ಕಟ್ಟುನಿಟ್ಟಿನ ವ್ಯವಸ್ಥೆ ಇತ್ತು. ಕಣಿವೆಯ ಜನ 'ಪೋರ್ಟೆನ್' ಎಂಬ ಸಂಘಗಳನ್ನು ಕಟ್ಟಿಕೊಂಡಿದ್ದರು. ಒಂದೊಂದು ಸಂಘಕ್ಕೆ ದಾರಿಯ ಒಂದೊಂದು ತುಂಡು. ಆ ತುಂಡಿನಲ್ಲಿ ಹೇರು ಸಾಗಿಸುವ ಹಕ್ಕು ಅವರದು, ದಾರಿ ರಿಪೇರಿಯ ಹೊಣೆಯೂ ಅವರದೇ. ಗಡಿ ಬಂದಾಗ ಹೇರು ಇಳಿಸಿ ಮುಂದಿನವರ ಕೈಗೆ ಕೊಡಬೇಕು. ವರ್ತಕನಿಗೆ ತಡ, ಖರ್ಚೂ ಜಾಸ್ತಿ. ಆದರೆ ದುಡ್ಡು ಹಳ್ಳಿಹಳ್ಳಿಗೂ ಹಂಚಿಹೋಗುತ್ತಿತ್ತು. ದಕ್ಷಿಣದಿಂದ ವೈನ್, ಅಕ್ಕಿ ಬರುತ್ತಿದ್ದವು.

ಘಾಟಿಯ ಆಚೆ, ಇಟಲಿ ಕಡೆಗೆ ಕಾರ್ಡಿನೆಲ್ಲೊ ಕಂದರ. ಅಲ್ಲಿ ಬಂಡೆ ಕೊರೆದು ಮಾಡಿದ ಕಿರಿದಾದ ಹಾದಿ. 1800ರ ಚಳಿಗಾಲದಲ್ಲಿ ಜನರಲ್ ಮ್ಯಾಕ್‌ಡೊನಾಲ್ಡ್ ನಡೆಸಿದ ಫ್ರೆಂಚ್ ಸೇನೆ ಈ ಘಾಟಿ ದಾಟುವಾಗ ಹಿಮ ಕುಸಿದು ಸೈನಿಕರು, ಕುದುರೆಗಳು ಕೊಚ್ಚಿಹೋದವು.

1823ರ ಹೊತ್ತಿಗೆ ಘಾಟಿಯ ಮೇಲೆ ಗಾಡಿ ರಸ್ತೆ ಸಿದ್ಧವಾಯಿತು. ಸ್ಪ್ಲುಗೆನ್ ಊರು ಕೆಲವು ದಶಕ ಮೆರೆಯಿತು. 1882ರಲ್ಲಿ ಗೊಟ್ಹಾರ್ಡ್ ರೈಲು ಸುರಂಗ ತೆರೆಯಿತು ನೋಡಿ, ಸರಕೆಲ್ಲ ಅತ್ತ ತಿರುಗಿತು. ಸ್ಪ್ಲುಗೆನ್ ಬಡವಾಯಿತು. ಹೊಸ ಮನೆ ಕಟ್ಟಲು ಯಾರ ಬಳಿಯೂ ದುಡ್ಡಿಲ್ಲ, ಹಾಗಾಗಿ ಹಳೆಯವೇ ಉಳಿದವು! ಇಂದು ಪ್ರವಾಸಿಗರು ಫೋಟೋ ತೆಗೆಯುವುದು ಅದೇ ಮನೆಗಳನ್ನು.

ಆ ಊರು ನೀರಿನಡಿ ಹೋಗುವುದೂ ಸ್ವಲ್ಪದರಲ್ಲಿ ತಪ್ಪಿತು. 1940ರ ದಶಕದಲ್ಲಿ ಇಲ್ಲಿ ದೊಡ್ಡ ಅಣೆಕಟ್ಟೆಯ ಯೋಜನೆ ಬಂತು. ಕಣಿವೆಯ ಊರುಗಳು ಒಪ್ಪಲಿಲ್ಲ. ಕೊನೆಗೆ ಯೋಜನೆಯೇ ಬಿದ್ದುಹೋಯಿತು. 1995ರಲ್ಲಿ ಅದೇ ಸ್ಪ್ಲುಗೆನ್‌ಗೆ ಹಳೆಯ ಕಟ್ಟಡಗಳನ್ನು ಕಾಪಾಡಿದ್ದಕ್ಕೆ ಸ್ವಿಟ್ಜರ್‌ಲ್ಯಾಂಡಿನ ವಾಕರ್ ಪ್ರಶಸ್ತಿ ಸಿಕ್ಕಿತು.

ಹಳೆಯ ಹೇರಿನ ಹಾದಿಯನ್ನು ನಡಿಗೆಗೆ ಮತ್ತೆ ಜೋಡಿಸುವುದು ಸುಲಭವಿರಲಿಲ್ಲ. ವಿಯಾಮಾಲಾ ಬಳಿ 1996ರಲ್ಲಿ ಕಟ್ಟಿದ ಟ್ರಾವರ್ಸಿನಾ ಕಾಲುಸೇತುವೆ 1999ರಲ್ಲಿ ಬಂಡೆ ಉರುಳಿ ನುಚ್ಚುನೂರಾಯಿತು. 2005ರಲ್ಲಿ ಅದೇ ಎಂಜಿನಿಯರ್ ಯುರ್ಗ್ ಕೊನ್‌ಟ್ಸೆಟ್ ಇನ್ನೊಂದನ್ನು ಕಟ್ಟಿದರು. ಅದು ಸೇತುವೆಯೋ ಮೆಟ್ಟಿಲೋ ಹೇಳುವುದು ಕಷ್ಟ. ಒಂದು ತುದಿಗಿಂತ ಇನ್ನೊಂದು ತುದಿ 20 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ.

ಈಗ ಪ್ಯಾಕೇಜಿನಲ್ಲಿ ಬರುವವರು ಬೆನ್ನಿಗೆ ಪುಟ್ಟ ಚೀಲ ಹಾಕಿಕೊಂಡು ನಡೆಯುತ್ತಾರೆ. ದೊಡ್ಡ ಲಗೇಜು ಒಂದು ಹೋಟೆಲಿನಿಂದ ಮುಂದಿನ ಹೋಟೆಲಿಗೆ ಗಾಡಿಯಲ್ಲಿ ಹೋಗುತ್ತದೆ. ಕೂಲಿ ಕಣಿವೆಯವರಿಗೇ.