ಕ್ರೆಡಿಟ್ ಕಾರ್ಡ್‌ನ ವರ್ಷ ಯಾವತ್ತು ಮುಗಿಯುತ್ತದೆ? ವಾರ್ಷಿಕ ಶುಲ್ಕದ ತಾರೀಖು ಲೆಕ್ಕ

ಮೊದಲು ನಿಮ್ಮ ಕಾರ್ಡ್‌ನ ಮೂರು ತಾರೀಖು ಬರೆದಿಟ್ಟುಕೊಳ್ಳಿ: ಬ್ಯಾಂಕ್ ಕಾರ್ಡ್ ಖಾತೆ ತೆರೆದ ದಿನ, ತಿಂಗಳ ಬಿಲ್ ತಯಾರಾಗುವ ದಿನ, ಹಣ ಕಟ್ಟಲು ಕೊನೆಯ ದಿನ. ಹೆಚ್ಚಿನ ಬ್ಯಾಂಕುಗಳಲ್ಲಿ ಕಾರ್ಡ್‌ನ ವರ್ಷ ಶುರುವಾಗುವುದು ಖಾತೆ ತೆರೆದ ದಿನದಿಂದ. ಲಕೋಟೆ ಮನೆಗೆ ಬಂದ ದಿನವಾಗಲಿ, ಮೊದಲ ಸಲ ಕಾರ್ಡ್ ಉಜ್ಜಿದ ದಿನವಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಏಪ್ರಿಲ್‌ನಿಂದ ಮಾರ್ಚ್ ಎಂದು ಎಣಿಸಿದವರು ಎಡವುವುದು ಇಲ್ಲೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಶುಲ್ಕ ಯಾವ ತಿಂಗಳ ಬಿಲ್‌ಗೆ ಬೀಳುತ್ತದೆ? ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂದಿದ್ದರೆ, ಆ ಖರ್ಚಿನ ಲೆಕ್ಕ ಯಾವ ದಿನದಿಂದ ಯಾವ ದಿನದವರೆಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾರವಾರದ ಒಂದು ಬೋಟ್ ಮನೆತನದವರಿಗೆ 2024ರ ಆಗಸ್ಟ್ 10ರಂದು ಕಾರ್ಡ್ ಮಂಜೂರಾಯಿತು ಎನ್ನಿ. ಶುಲ್ಕ ₹499, ವರ್ಷಕ್ಕೆ ₹50,000 ಖರ್ಚು ಮಾಡಿದರೆ ಮನ್ನಾ, ಬಿಲ್ ಪ್ರತಿ ತಿಂಗಳ 18ಕ್ಕೆ. ಅವರ ಕಾರ್ಡ್ ವರ್ಷ 2025ರ ಆಗಸ್ಟ್ 9ಕ್ಕೆ ಮುಗಿಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ದುಡ್ಡು ಓಡಾಡದ ಕಾಲ. ಮೇ ಕೊನೆಗೆ ₹44,000ಕ್ಕೆ ನಿಂತ ಲೆಕ್ಕ ಆಗಸ್ಟ್‌ವರೆಗೂ ಅಲ್ಲೇ ಇರುತ್ತದೆ. ಆಗಸ್ಟ್ 8ರ ಶುಕ್ರವಾರ ₹6,500ರ ಬಲೆ ಸಾಮಾನು ತಂದರು, ಒಟ್ಟು ₹50,500 ಆಯಿತು. ಆದರೆ ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಅಂಗಡಿಯವರ ಬ್ಯಾಂಕ್‌ನಿಂದ ಹಣದ ಲೆಕ್ಕ ಬಂದು ಕಾರ್ಡ್ ಖಾತೆಯಲ್ಲಿ ದಾಖಲಾದದ್ದು ಸೋಮವಾರ 11ಕ್ಕೆ. ಖರೀದಿಯ ದಿನದ ಬದಲು ಹೀಗೆ ದಾಖಲಾದ ದಿನವನ್ನೇ ಹಿಡಿಯುವ ಕಾರ್ಡ್ ಅದಾಗಿದ್ದರೆ, ₹6,500 ಹೊಸ ವರ್ಷದ ಖಾತೆಗೆ ಹೋಯಿತು, ಮನ್ನಾ ತಪ್ಪಿತು. ಆದ್ದರಿಂದ ಕೊನೆಯ ಹತ್ತು ದಿನಗಳನ್ನು ನಂಬಿ ಕೂರಬೇಡಿ.

ಇನ್ನು ಬಿಲ್ ನೋಡಿ. ಆಗಸ್ಟ್ 18ರದ್ದರಲ್ಲೋ, ಕೆಲವು ಬ್ಯಾಂಕುಗಳಲ್ಲಿ ಅದರ ಮುಂದಿನದ್ದರಲ್ಲೋ, ಖರೀದಿಗಳ ನಡುವೆ ‘ವಾರ್ಷಿಕ ಶುಲ್ಕ 499.00’ ಎಂಬ ಸಾಲು ಇರುತ್ತದೆ. ಅದರ ಕೆಳಗೆ ಶೇ 18ರ ಜಿಎಸ್‌ಟಿ: ಒಂದೇ ಸಾಲಿನಲ್ಲಿ ಐಜಿಎಸ್‌ಟಿ 89.82, ಇಲ್ಲವೇ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು 44.91ರ ಎರಡು ಸಾಲು. ಒಟ್ಟು ₹588.82. ಚೌತಿ ಖರ್ಚಿನ ಗಡಿಬಿಡಿಯಲ್ಲಿ ಈ ಸಾಲು ಕಣ್ಣಿಗೇ ಬೀಳುವುದಿಲ್ಲ. ‘ಮೊದಲ ವರ್ಷ ಉಚಿತ’ ಎಂದು ಕೊಟ್ಟ ಕಾರ್ಡ್‌ಗಳಲ್ಲಂತೂ ಇದು ಮೊದಲು ಕಾಣಿಸುವುದೇ ಹದಿಮೂರನೇ ತಿಂಗಳ ಆಸುಪಾಸಿನಲ್ಲಿ; ಅಷ್ಟರಲ್ಲಿ ಶುಲ್ಕ ಇದೆ ಎಂಬುದೇ ಮರೆತಿರುತ್ತದೆ.

ಮನ್ನಾಕ್ಕೆ ಎಲ್ಲ ಖರ್ಚೂ ಸೇರುವುದಿಲ್ಲ. ಎಟಿಎಂನಲ್ಲಿ ತೆಗೆದ ನಗದು, ಬಡ್ಡಿ, ದಂಡ, ಶುಲ್ಕ ಸಾಮಾನ್ಯವಾಗಿ ಹೊರಗೆ. ಮನೆ ಬಾಡಿಗೆ, ವಾಲೆಟ್‌ಗೆ ತುಂಬಿದ್ದು, ಪೆಟ್ರೋಲ್ ಹಲವು ಕಾರ್ಡ್‌ಗಳಲ್ಲಿ ಹೊರಗೆ. ವಾಪಸ್ ಕೊಟ್ಟ ಸಾಮಾನಿನ ರೀಫಂಡ್ ಕೂಡ ಲೆಕ್ಕದಿಂದ ಕಳೆದುಹೋಗುತ್ತದೆ. ಶಿರಸಿಯವರು ಇನ್ನೊಂದನ್ನು ಗಮನಿಸಬೇಕು: ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ವರ್ಷ ನೆಂಟರಿಷ್ಟರು, ಬಟ್ಟೆಬರೆ ಎಂದು ಮನ್ನಾದ ಮಿತಿ ತಾನಾಗಿ ದಾಟುತ್ತದೆ, ಮರುವರ್ಷ ಅದೇ ಮನೆಯಲ್ಲಿ ದಾಟುವುದಿಲ್ಲ. ಹೋದ ವರ್ಷ ಶುಲ್ಕ ಬರಲಿಲ್ಲ ಎಂದು ಈ ವರ್ಷವೂ ಬಾರದೆಂದು ತಿಳಿಯಬೇಡಿ. ಹಾಗೆಂದು ₹588 ಉಳಿಸಲು ಬೇಡದ ₹6,000ದ ಸಾಮಾನು ಕೊಳ್ಳುವುದು ಖಂಡಿತ ಸರಿಯಲ್ಲ.

ಮನ್ನಾದ ಮಿತಿ ದಾಟಿದವರಿಗೆ ಕೆಲವು ಬ್ಯಾಂಕುಗಳು ಶುಲ್ಕ ಹಾಕುವುದೇ ಇಲ್ಲ. ಕೆಲವು ಮೊದಲು ಹಾಕಿ ಮುಂದಿನ ಬಿಲ್‌ನಲ್ಲಿ ವಾಪಸ್ ಮಾಡುತ್ತವೆ. ‘ಹೇಗೂ ವಾಪಸ್ ಬರುತ್ತದಲ್ಲ’ ಎಂದು ಆ ತಿಂಗಳ ಬಿಲ್ ಕಟ್ಟದೆ ಬಿಡುವುದು ದೊಡ್ಡ ತಪ್ಪು. ಆ ಮೊತ್ತ ವಾಪಸ್ ಬರುವಷ್ಟರಲ್ಲಿ ಈ ಬಿಲ್ ಕಟ್ಟುವ ಕೊನೆಯ ದಿನ ಕಳೆದಿರಬಹುದು. ಕೊನೆಯ ದಿನ ಕಳೆದು ಮೂರು ದಿನ ಮೀರಿದರೆ ತಡಪಾವತಿ ದಂಡ ಹಾಕಬಹುದು, ಸಾಲ ತೀರಿಸಿದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗೂ ವರದಿ ಹೋಗಬಹುದು. ಪೂರ್ತಿ ಕಟ್ಟಿ, ಆಮೇಲೆ ಕೇಳಿ. ವಾಪಸ್ ಬಂದಾಗ ಜಿಎಸ್‌ಟಿ ಸಾಲೂ ಬಂದಿದೆಯೇ ನೋಡಿ.

ಕಾರ್ಡ್ ಬೇಡವೆನಿಸಿದರೆ ವರ್ಷ ತುಂಬುವ 45 ದಿನ ಮೊದಲೇ ಕೆಲಸ ಶುರುಮಾಡಿ. ಶುಲ್ಕ ಬಿದ್ದ ಮೇಲೆ ವಿನಂತಿಸಿದರೆ ಬಿಡುವ ಬ್ಯಾಂಕುಗಳೂ ಇವೆ, ಆದರೆ ಅದು ಅವರ ಮರ್ಜಿ. ಮೊದಲು ರಿವಾರ್ಡ್ ಪಾಯಿಂಟ್ ಖರ್ಚು ಮಾಡಿ. ಹೆಸ್ಕಾಂ ಬಿಲ್, ವಿಮೆ ಕಂತು ಏನೇ ಆಟೋ ಡೆಬಿಟ್ ಇದ್ದರೂ ಬೇರೆ ಖಾತೆಗೆ ಬದಲಿಸಿ, ಇನ್ನೂ ಬಿಲ್‌ಗೆ ಬಾರದ ಖರೀದಿ ಸೇರಿ ಬಾಕಿಯೆಲ್ಲ ಚುಕ್ತಾ ಮಾಡಿ. ನಂತರ ಆ್ಯಪ್, ಇಮೇಲ್ ಅಥವಾ ಫೋನ್ ಮೂಲಕ ಮುಚ್ಚಲು ಹೇಳಿ, ವಿನಂತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ ₹500ರಂತೆ ಬ್ಯಾಂಕೇ ನಿಮಗೆ ಕೊಡಬೇಕು. ಶುಲ್ಕ ಏರಿಸುವುದಿದ್ದರೂ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು, ಒಪ್ಪದವರು ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡ್ ಹಿಂದಿರುಗಿಸಬಹುದು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಬರೆಯಬಹುದು; ಆಗ ಕೇಳುವುದು ಅದೇ ವಿನಂತಿ ಸಂಖ್ಯೆ ಮತ್ತು ಶುಲ್ಕದ ಸಾಲಿರುವ ಬಿಲ್.