ಕಡಲ್ಗಳ್ಳರ ಹಡಗೂ ಅಳಿವೆಯ ಮರಳೂ

ಹಡಗು ವಿನ್ಯಾಸ ನನ್ನ ವೃತ್ತಿ. ಯಾವ ನಕ್ಷೆ ಕೈಗೆ ಬಂದರೂ ಮೊದಲು ನೋಡುವುದು ಡ್ರಾಫ್ಟನ್ನು, ಅಂದರೆ ಹಡಗಿನ ತಳ ನೀರಿನೊಳಗೆ ಎಷ್ಟು ಇಳಿದಿರುತ್ತದೆ ಎಂಬ ಅಳತೆಯನ್ನು. 1715ರಿಂದ 1725ರ ನಡುವೆ ಕೆರಿಬಿಯನ್ನಿನಲ್ಲೂ ಅಮೆರಿಕದ ಪೂರ್ವ ಕರಾವಳಿಯಲ್ಲೂ ಮೆರೆದ ಕಡಲ್ಗಳ್ಳರು ಎಂತಹ ಹಡಗುಗಳನ್ನು ಇಟ್ಟುಕೊಂಡಿದ್ದರು, ಏಕೆ ಇಟ್ಟುಕೊಂಡಿದ್ದರು ಎಂಬುದಕ್ಕೂ ಬಹುಮಟ್ಟಿಗೆ ಅದರಲ್ಲೇ ಉತ್ತರವಿದೆ.

ಚಿತ್ರಗಳಲ್ಲಿ ಕಾಣುವ ಮೂರು ಹಾಯಿಕಂಬಗಳ ಭಾರಿ ಹಡಗು ಅವರಲ್ಲಿ ಕೆಲವರಿಗೆ ಮಾತ್ರ ದಕ್ಕಿತ್ತು. ಹೆಚ್ಚಿನವರು ನೆಚ್ಚಿಕೊಂಡಿದ್ದು ಸ್ಲೂಪನ್ನು. ಇದಕ್ಕೆ ಒಂದೇ ಕಂಬ, ಮುಖ್ಯ ಹಾಯಿ ಹಡಗಿನ ಉದ್ದಕ್ಕೆ. ಮಂಗಳೂರಿನ ಹಳೆ ಬಂದರಿನ ಮಂಜಿ ಎಂಬ ಸರಕುದೋಣಿಗಳ ಓರೆಹಾಯಿಯನ್ನು ಕಂಡವರಿಗೆ ಈ ಏರ್ಪಾಡಿನ ತತ್ವ ಹೊಸದಲ್ಲ. ಅಡ್ಡಕ್ಕೆ ಕಟ್ಟಿದ ಚೌಕ ಹಾಯಿಗಳ ಹಡಗು ಗಾಳಿ ಬೀಸಿಬರುವ ದಿಕ್ಕಿಗೆ ಸುಮಾರು 65-70 ಡಿಗ್ರಿಗಿಂತ ಹತ್ತಿರ ಸಾಗಲಾರದು. ಸ್ಲೂಪು 50 ಡಿಗ್ರಿಯ ಆಸುಪಾಸಿನವರೆಗೂ ಹೋಗಬಲ್ಲದು. ಬೆನ್ನಟ್ಟಿದ ಯುದ್ಧನೌಕೆಯಿಂದ ಪಾರಾಗಲು ಈ ವ್ಯತ್ಯಾಸವೇ ಸಾಕಾಗುತ್ತಿತ್ತು. ಬರ್ಮುಡಾದಲ್ಲಿ ಅಲ್ಲಿಯದೇ ಸೀಡರ್ ಮರದಿಂದ ಕಟ್ಟಿದ ಸ್ಲೂಪುಗಳಿಗೆ ವಿಶೇಷ ಬೇಡಿಕೆಯಿತ್ತು, ಏಕೆಂದರೆ ಆ ಮರ ಹಗುರ, ಕೊಳೆಯುವುದೂ ನಿಧಾನ. ಮರದ ತಳಕ್ಕೆ ಪಾಚಿ ಮೆತ್ತಿಕೊಂಡು, ಹುಳು ಕೊರೆದು ವೇಗ ಕುಗ್ಗಿದಾಗ, ರೇವಿನ ಆಸರೆಯಿಲ್ಲದ ಕಳ್ಳರು ಸಣ್ಣ ಹಡಗನ್ನು ನಿರ್ಜನ ತೀರದಲ್ಲೇ ಮಗ್ಗುಲಿಗೆ ವಾಲಿಸಿ ಕೆರೆದು ಶುಚಿಮಾಡಬಹುದಿತ್ತು. ಎರಡು ಕಂಬಗಳ ಬ್ರಿಗಂಟೈನಿನಲ್ಲಿ ಮುಂದಿನ ಕಂಬಕ್ಕೆ ಚೌಕ ಹಾಯಿ, ಹಿಂದಿನದಕ್ಕೆ ಉದ್ದದ ಹಾಯಿ. ಎರಡೂ ಕಂಬಗಳಿಗೆ ಉದ್ದದ ಹಾಯಿಯಿರುವ ಸ್ಕೂನರ್ ಆಗಿನ್ನೂ ಬಳಕೆಗೆ ಬರತೊಡಗಿತ್ತಷ್ಟೆ.

ದೊಡ್ಡ ಹಡಗಿನ ಆಸೆಗೆ ಬಿದ್ದವನು ಬ್ಲ್ಯಾಕ್‌ಬಿಯರ್ಡ್ ಎಂಬ ಕಡಲ್ಗಳ್ಳ. 1717ರ ನವೆಂಬರಿನಲ್ಲಿ ಅವನು ಹಿಡಿದ ಲಾ ಕಾಂಕಾರ್ಡ್, ಗುಲಾಮರನ್ನು ಸಾಗಿಸುತ್ತಿದ್ದ ಫ್ರೆಂಚ್ ಹಡಗು. ಅದಕ್ಕೆ ಕ್ವೀನ್ ಆನ್ಸ್ ರಿವೆಂಜ್ ಎಂದು ಹೆಸರಿಟ್ಟು, 40ರಷ್ಟು ಫಿರಂಗಿಗಳನ್ನು ಏರಿಸಿದ. ಆರು ಪೌಂಡಿನ ಗುಂಡಿನ ಒಂದು ಫಿರಂಗಿಯೇ ಟನ್ನಿನ ಹತ್ತಿರ ತೂಗುತ್ತದೆಯಾದ್ದರಿಂದ, ಅಷ್ಟು ಭಾರ ಹೊತ್ತ ಹಡಗಿನ ತಳ ಇನ್ನಷ್ಟು ಕೆಳಗಿಳಿದಿರಲೇಬೇಕು. 1718ರ ಜೂನಿನಲ್ಲಿ ಉತ್ತರ ಕೆರೊಲಿನಾದ ಬ್ಯೂಫರ್ಟ್ ಅಳಿವೆಯಲ್ಲಿ ಅದು ಮರಳಿಗೆ ಕಚ್ಚಿಕೊಂಡಿತು. ಬೇಕೆಂದೇ ಕಚ್ಚಿಸಿದನೆಂಬ ಆರೋಪ ಆಗಲೇ ಇತ್ತು. ಆ ಅಳಿವೆಗೆ ಅಂತಹ ಹಡಗನ್ನು ತಂದದ್ದೇ ತಪ್ಪು ಎಂದು ನನಗನ್ನಿಸುತ್ತದೆ. ಅವಶೇಷ ಸಿಕ್ಕಿದ್ದು 1996ರಲ್ಲಿ.

ಬಳಿಕ ಅವನು ಅಡ್ವೆಂಚರ್ ಎಂಬ ಸ್ಲೂಪಿನಲ್ಲಿ ಒಕ್ರಕೋಕ್ ದ್ವೀಪದ ಮರಳುದಿಬ್ಬಗಳ ನಡುವೆ ನೆಲೆನಿಂತ. ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ರಾಬರ್ಟ್ ಮೇನಾರ್ಡ್ ಅಲ್ಲಿಗೆ ಬಂದದ್ದು ಬಾಡಿಗೆಯ ಎರಡು ಸ್ಲೂಪುಗಳಲ್ಲಿ. ಅವುಗಳಲ್ಲಿ ಫಿರಂಗಿಯೇ ಇರಲಿಲ್ಲ. ನವೆಂಬರ್ 22ರ ಬೆಳಿಗ್ಗೆ ಅವೂ ಮರಳಿಗೆ ಸಿಕ್ಕಿಕೊಂಡಾಗ ಮೇನಾರ್ಡ್ ಬ್ಯಾಲಸ್ಟನ್ನು, ಅಂದರೆ ಹಡಗು ವಾಲದಂತೆ ತಳದಲ್ಲಿ ತುಂಬಿದ ಭಾರವನ್ನು, ಎಸೆಸಿ, ಕುಡಿಯುವ ನೀರಿನ ಪೀಪಾಯಿಗಳನ್ನೂ ಒಡೆಸಿದ. ಲೆಕ್ಕ ಹಾಕಿ ನೋಡಿದ್ದೇನೆ: 18 ಮೀಟರ್ ಉದ್ದ, 5.5 ಮೀಟರ್ ಅಗಲದ ಸ್ಲೂಪಿನಿಂದ 7 ಟನ್ ಇಳಿಸಿದರೆ ತಳ ಮೇಲೇಳುವುದು 10 ಸೆಂಟಿಮೀಟರ್ ಮಾತ್ರ, ಜೊತೆಗೆ ಹಡಗಿನ ಸ್ಥಿರತೆಯೂ ಕುಗ್ಗುತ್ತದೆ. ಆದರೂ ಹಡಗು ಮರಳು ಬಿಟ್ಟೆದ್ದಿತು. ಮೇನಾರ್ಡ್ ತನ್ನವರಲ್ಲಿ ಹೆಚ್ಚಿನವರನ್ನು ಕೆಳಗೆ ಅಡಗಿಸಿಟ್ಟು, ಕಳ್ಳರು ಮೇಲೇರಿದೊಡನೆ ಹೊರಬಿಟ್ಟ. ಬ್ಲ್ಯಾಕ್‌ಬಿಯರ್ಡ್ ಆ ಕಾಳಗದಲ್ಲಿ ಸತ್ತ. ಮೇನಾರ್ಡನ ನಾವಿಕರನ್ನು ಒದಗಿಸಿದ್ದ ಪರ್ಲ್ ಮತ್ತು ಲೈಮ್ ಎಂಬ ಯುದ್ಧನೌಕೆಗಳು ಅಷ್ಟೊತ್ತಿಗೂ ವರ್ಜೀನಿಯಾದಲ್ಲೇ ಇದ್ದವು. ಒಕ್ರಕೋಕ್‌ನ ನೀರು ಅವುಗಳ ತಳಕ್ಕೆ ಸಾಲುತ್ತಿರಲಿಲ್ಲ.